ಖಾನಾಪುರದ ವೋಟು 131, ಗೋವಾದ್ದು 20. ಇದು ಅನ್ಯಾಯನಾ?

(1/4)
ಅಮೆರಿಕಾ ಎಲೆಕ್ಷನ್ ಟೈಮ್‌ನಾಗ ಎಲ್ಲರ ಸ್ಟೋರಿ ತುಂಬ ಟ್ರಂಪ್, ಹ್ಯಾರಿಸ್. ಗೆಲ್ಲೋಕೆ 270 ಬೇಕು ಅನ್ನೋದು ಎಲ್ಲರಿಗೂ ಬಾಯಿಪಾಠ. ಈಗ ಒಂದು ಪ್ರಶ್ನೆ: ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಖಾನಾಪುರ ಶಾಸಕರ ಒಂದು ವೋಟಿನ ಬೆಲೆ ಎಷ್ಟು?

131. ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದ್ರ ಗೋವಾ, ಅಲ್ಲಿನ ಶಾಸಕರ ವೋಟು 20. ಈ ಕಡೆ ಚಂದಗಡಕ್ಕ ಹೋದ್ರ ಮಹಾರಾಷ್ಟ್ರ, ಅಲ್ಲಿ 175. ಅವರದೂ ನಮ್ಮ ಹಂಗ ಎಲೆಕ್ಟೋರಲ್ ಕಾಲೇಜೇ. ಅವರಿಗೆ ನಗೋ ಮುಂಚೆ ನಮ್ಮದನ್ನ ತಿಳ್ಕೊಳ್ಳೋಣ.

(2/4)
ರಾಷ್ಟ್ರಪತಿಗೆ ನಾವು ನೀವು ನೇರ ವೋಟು ಹಾಕಂಗಿಲ್ಲ. ಆಯ್ಕೆಯಾದ ಶಾಸಕರು, ಸಂಸದರು ಹಾಕ್ತಾರೆ. ನಾಮನಿರ್ದೇಶಿತರಿಗೆ, ವಿಧಾನ ಪರಿಷತ್ ಸದಸ್ಯರಿಗೆ ಈ ಹಕ್ಕಿಲ್ಲ.

ಲೆಕ್ಕ ಸರಳ ಐತಿ. ರಾಜ್ಯದ ಜನಸಂಖ್ಯೆಯನ್ನ ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ 1000ದಿಂದ ಭಾಗಿಸಬೇಕು. ಕರ್ನಾಟಕದ್ದು 2,92,99,014 ÷ 224 ÷ 1000, ಅಂದ್ರ 131. ಗೋವಾದಾಗ ಜನ ಕಡಿಮೆ, ಶಾಸಕರು 40, ಅದಕ್ಕ 20. ಎಲ್ಲಿ ನೋಡಿದ್ರೂ ಸುಮಾರು ಸಾವಿರ ಜನಕ್ಕೆ ಒಂದು ಅಂಕ. ಹಂಗಾಗಿ 131 ಮತ್ತು 20ರ ನಡುವೆ ಅನ್ಯಾಯ ಏನಿಲ್ಲ.

ಅನ್ಯಾಯ ಅನ್ನಂಗಿದ್ರ ಅಮೆರಿಕಾದ್ದನ್ನ ನೋಡ್ರಿ. ವಯೋಮಿಂಗ್‌ಗೆ 3 ಎಲೆಕ್ಟರ್, ಕ್ಯಾಲಿಫೋರ್ನಿಯಾಗೆ 54. ಅಲ್ಲಿ ಸುಮಾರು 1.9 ಲಕ್ಷ ಜನಕ್ಕೆ ಒಬ್ಬ, ಇಲ್ಲಿ ಸುಮಾರು 7.3 ಲಕ್ಷ ಜನಕ್ಕೆ ಒಬ್ಬ! ಯಾಕಂದ್ರ ರಾಜ್ಯ ಸಣ್ಣದಿರಲಿ ದೊಡ್ಡದಿರಲಿ, ಪ್ರತಿ ರಾಜ್ಯಕ್ಕೂ ಇಬ್ಬರು ಸೆನೆಟರ್. ಆ ಎರಡನ್ನೂ ಎಲೆಕ್ಟರ್ ಲೆಕ್ಕಕ್ಕೆ ಸೇರಿಸ್ತಾರ. ಮೇಲಿಂದ 48 ರಾಜ್ಯಗಳಾಗ ಒಂದು ವೋಟಿನಿಂದ ಗೆದ್ದವರಿಗೂ ಆ ರಾಜ್ಯದ ಎಲ್ಲಾ ಎಲೆಕ್ಟರ್‌ಗಳು ಸಿಗ್ತಾರ. ಅದಕ್ಕೇ 2016ರಲ್ಲಿ ಹಿಲರಿ ಕ್ಲಿಂಟನ್ ಸುಮಾರು 29 ಲಕ್ಷ ವೋಟು ಹೆಚ್ಚು ತಗೊಂಡೂ ಸೋತ್ರು. ನಮ್ಮಲ್ಲಿ ಹಂಗಿಲ್ಲ: ಒಬ್ಬೊಬ್ಬ ಶಾಸಕರ ವೋಟೂ ಬ್ಯಾರೆ ಬ್ಯಾರೆ ಎಣಿಕೆ ಆಗ್ತದ, ಅದೂ ಗುಪ್ತ ಮತದಾನ.

(3/4)
ಹಂಗಾದ್ರ ನಮ್ಮದು ಪರ್ಫೆಕ್ಟಾ? ಇಲ್ಲ. ಮೇಲೆ ಹಾಕಿದ 2.92 ಕೋಟಿ ಇವತ್ತಿನ ಜನಸಂಖ್ಯೆ ಅಲ್ಲ, 1971ರದ್ದು! ನಮ್ಮ ಅಪ್ಪ ಅವ್ವ ಹುಟ್ಟೋ ಕಾಲದ ಲೆಕ್ಕದ ಮೇಲೆ 2022ರಲ್ಲಿ ದ್ರೌಪದಿ ಮುರ್ಮು ಅವರ ಆಯ್ಕೆ ಆತು.

ಕಾರಣ ಇತ್ತು. ಕುಟುಂಬ ಯೋಜನೆ ಚಲೋ ಮಾಡಿದ ರಾಜ್ಯಕ್ಕೆ ಶಿಕ್ಷೆ ಆಗಬಾರದು ಅಂತ 1976ರ 42ನೇ ತಿದ್ದುಪಡಿಯಲ್ಲಿ ಈ ಅಂಕಿ ಹಂಗೇ ನಿಲ್ಲಿಸಿದ್ರು. 84ನೇ ತಿದ್ದುಪಡಿ ಅದನ್ನ 2026ರ ನಂತರದ ಮೊದಲ ಜನಗಣತಿವರೆಗೆ ಮುಂದಕ್ಕೆ ಹಾಕಿತು.

2011ರ ಜನಸಂಖ್ಯೆ ಹಾಕಿ ನಾನೇ ಕ್ಯಾಲ್ಕುಲೇಟರ್ ಒತ್ತಿದೆ. ಕರ್ನಾಟಕ 131ರಿಂದ 273, ಕೇರಳ 152ರಿಂದ 239, ಉತ್ತರ ಪ್ರದೇಶ 208ರಿಂದ 496. ಈಗ ನಮ್ಮ ಶಾಸಕರ ವೋಟು ಯುಪಿ ಶಾಸಕರ ವೋಟಿನ 63% ಇದ್ರ, ಆಗ 55%ಗೆ ಇಳೀತದ. ಕೇರಳದ್ದು 73%ರಿಂದ 48%ಗೆ!

(4/4)
ಈಗ ನನ್ನ ಅಭಿಪ್ರಾಯ. ಬೈಯೋರು ಬೈರಿ 🙏

ಯುಪಿ ಹುಡುಗ ನನ್ನಷ್ಟೇ ನಾಗರಿಕ. ಅವನ ಮನೆಯ ತಲೆ ಎಣಿಸಬ್ಯಾಡ್ರಿ ಅಂತ ಹೇಳೋಕೆ ನನಗ ಬಾಯಿ ಬರಂಗಿಲ್ಲ. ರಾಷ್ಟ್ರಪತಿ ಎಲ್ಲಾ ಜನರ ಪ್ರತಿನಿಧಿ ಅಂದಮ್ಯಾಲೆ ಲೆಕ್ಕವೂ ಇವತ್ತಿನ ಜನರದ್ದೇ ಆಗಬೇಕು. 1971ಕ್ಕೆ ಅಂಟಿಕೊಂಡು ಕೂತ್ರ ನಾವೂ ಒಂದು ವಯೋಮಿಂಗ್ ಆಗ್ತೀವಿ.

ಆದ್ರ ದಕ್ಷಿಣದ ಭಯ ಸುಳ್ಳಲ್ಲ. ಅದಕ್ಕ ಪರಿಹಾರ ರಾಜ್ಯಸಭೆಯಲ್ಲಿ ಹುಡುಕಬೇಕು. ಹೆಸರೇ ರಾಜ್ಯಗಳ ಸಭೆ, ಆದ್ರ ಅಲ್ಲೂ ಜನಸಂಖ್ಯೆ ನೋಡೇ ಸೀಟು: ಯುಪಿಗೆ 31, ನಮಗೆ 12, ಗೋವಾಕ್ಕೆ 1. ಅಲ್ಲಿ ಸಣ್ಣ ರಾಜ್ಯಗಳ ದನಿ ಜೋರು ಮಾಡ್ರಿ. ಜನರ ಲೆಕ್ಕ ಒಂದು ಕಡೆ, ರಾಜ್ಯಗಳ ಲೆಕ್ಕ ಇನ್ನೊಂದು ಕಡೆ ಇರಲಿ. ಅಮೆರಿಕಾದವರು ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ರು, ಅದಕ್ಕೇ ಅವರ ಜಗಳ ಇನ್ನೂ ಮುಗಿದಿಲ್ಲ.

ಹೊಸ ಜನಗಣತಿ ಬಂದ ಮೇಲೆ ಈ ಚರ್ಚೆ ಜೋರಾಗ್ತದ. ಆಗ ಯಾರೋ ಹೇಳಿದ್ದಕ್ಕ ತಲೆ ಆಡಿಸೋದ್ಕಿಂತ, 131 ಎಲ್ಲಿಂದ ಬಂತು ಅಂತ ಗೊತ್ತಿದ್ರ ಚಲೋ.

ನೀವೇನಂತೀರಿ? 1971 ಇರಬೇಕಾ, ಹೊಸ ಅಂಕಿ ಬೇಕಾ? ಕಾಮೆಂಟ್‌ನಾಗ ವರ್ಷ ಒಂದೇ ಬರದ್ರ ಸಾಲದು, ಕಾರಣನೂ ಬರೀರಿ 👇

#ಬೆಳಗಾವಿ #ಖಾನಾಪುರ #ರಾಷ್ಟ್ರಪತಿಚುನಾವಣೆ #ವೋಟಿನಲೆಕ್ಕ