ಮೂಲನುಡಿಯ ಪಾಠ ನಮ್ಮ ಶಾಲೆಯಲ್ಲಿ

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಹುಲಜಂತಿಯ ಮಕ್ಕಳಿಗೆ ನುಡಿಗಳನ್ನು ಹೋಲಿಸುವ ಕಿವಿ ತಾನಾಗಿಯೇ ಬಂದಿದೆ. ಶಾಲೆಯು ಅದನ್ನು ಬಳಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಕನ್ನಡವು ತಮಿಳಿನ ಮಗಳೆಂದು ಯಾರಾದರೂ ಅಂದರೆ ನಾವು ಸಿಟ್ಟಾಗುತ್ತೇವೆ. ಸಿಟ್ಟು ಉತ್ತರವಲ್ಲ, ಉತ್ತರವು ವ್ಯಾಕರಣದಲ್ಲಿದೆ. ನಮ್ಮ ‘ಹಾಲು’ ತಮಿಳಿನಲ್ಲಿ ‘ಪಾಲ್’. ಹಳಗನ್ನಡದಲ್ಲಿಯೂ ಅದು ‘ಪಾಲ್’ ಎಂದೇ ಇತ್ತು. ಇಲ್ಲಿ ಬದಲಾದವರು ನಾವು. ಆದರೆ ನಮ್ಮ ‘ಕಿವಿ’ ಅಲ್ಲಿ ‘ಚೆವಿ’ಯಾಗಿದೆ, ಇಲ್ಲಿ ಮೂಲದ ಕಕಾರವನ್ನು ಉಳಿಸಿಕೊಂಡವರೂ ನಾವೇ. ತಾಯಿ ಕಳೆದುಕೊಂಡದ್ದನ್ನು ಮಗಳು ಉಳಿಸಿಕೊಂಡಿರುವುದೆಂತು? ಇಬ್ಬರೂ ಅಕ್ಕತಂಗಿಯರು.

ಇಂತಹ ಹೋಲಿಕೆಗಳಿಂದಲೇ ವಿದ್ವಾಂಸರು ಮೂಲದ್ರಾವಿಡವನ್ನು ಕಲ್ಪಿಸಿಕೊಂಡರು. ಅದರ ಬರಹ ದೊರೆತಿಲ್ಲವಾದ್ದರಿಂದ ಪ್ರತಿ ಪದದ ಮುಂದೂ ನಕ್ಷತ್ರಚಿಹ್ನೆ ಇಡುತ್ತಾರೆ. ಪ್ರಾಮಾಣಿಕ ಪದ್ಧತಿ! ಆದರೂ ಧಾತು, ಕಾಲ, ಪುರುಷಗಳು ಸಾಲಾಗಿ ಕೂಡುವ ಅದರ ಪದರಚನೆಯನ್ನು ‘ಕೇಳ್-ದ್-ಎಂ’ ಎಂಬ ಹಳಗನ್ನಡ ರೂಪದಲ್ಲಿ ಎಂಟನೆಯ ಇಯತ್ತೆಯ ಮಗುವೂ ಬಿಡಿಸಿ ನೋಡಬಲ್ಲದು.