ಕಾರ್ಖಾನೆಯ ಕಡತ, ನ್ಯಾಯಾಲಯದ ಖರ್ಚು

ನಂಜನಗೂಡು ತಾಲ್ಲೂಕಿನ ಕಾರ್ಖಾನೆಗಳಲ್ಲಿ ದಾಖಲೆ ಬರೆಯುವವರು ಒಂದೂರಿನವರು, ಅದಕ್ಕೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾದವರು ಇನ್ನೊಂದೂರಿನವರು. ಗೇಟಿನ ಕಾವಲುಗಾರ ಲಾರಿ ಒಳಗೆ ಬಂದ ಹೊತ್ತನ್ನು ರಿಜಿಸ್ಟರಿನಲ್ಲಿ ಕನ್ನಡದಲ್ಲೇ ಗೀಚುತ್ತಾನೆ. ಪ್ರಯೋಗಾಲಯದ ಸಿಬ್ಬಂದಿ ಬ್ಯಾಚ್ ಹಾಳೆಗೆ ಇಂಗ್ಲಿಷಿನಲ್ಲಿ ಸಹಿ ಹಾಕುತ್ತಾರೆ. ಪಾಳಿ ಬದಲಾಗುವಾಗ ಮೇಲ್ವಿಚಾರಕರು ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಕಳಿಸಿ ಮನೆಗೆ ಹೋಗುತ್ತಾರೆ. ಆದರೆ ನೆಸ್ಲೆ ಇಂಡಿಯಾದ ಪ್ರಧಾನ ಕಚೇರಿ ಇರುವುದು ಗುರುಗ್ರಾಮದಲ್ಲಿ, ಜುಬಿಲಂಟ್‌ನದು ನೊಯ್ಡಾದಲ್ಲಿ, ಅಳಗಂಚಿಯಲ್ಲಿ ಕಬ್ಬು ನುರಿಸುವ ಬಣ್ಣಾರಿ ಅಮ್ಮನ್ ಶುಗರ್ಸ್‌ನದು ಕೊಯಮತ್ತೂರಿನಲ್ಲಿ, 2018ರಲ್ಲಿ ಹಿಮ್ಮಾವಿನಲ್ಲಿ ಘಟಕ ತೆರೆದ ಏಷ್ಯನ್ ಪೇಂಟ್ಸ್‌ನದು ಮುಂಬೈಯಲ್ಲಿ. ಅಷ್ಟು ದೂರದಲ್ಲಿ ಕುಳಿತ ಕಾನೂನು ಅಧಿಕಾರಿಗೆ ಈ ರಿಜಿಸ್ಟರುಗಳ ನೆನಪಾಗುವುದು ದಾವೆಯ ನೋಟೀಸು ಬಂದ ಮೇಲೆ. ಅಷ್ಟರಲ್ಲಿ ಖರ್ಚು ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿರುತ್ತದೆ. ಎದುರಾಳಿಗೆ ದಾಖಲೆ ಹುಡುಕಿ ತೋರಿಸುವ ವೆಚ್ಚವನ್ನು ವಕೀಲರ ಶುಲ್ಕದ ಒಂದು ಭಾಗವೆಂದು ಕಂಪನಿಗಳು ಎಣಿಸುತ್ತವೆ. ನನ್ನ ವಾದ ಬೇರೆ. ಏನನ್ನು ಎಷ್ಟು ವರ್ಷ ಇಡಬೇಕು, ಯಾವಾಗ ತೆಗೆದು ಹಾಕಬೇಕು ಎಂಬ ತೀರ್ಮಾನವನ್ನು ಯಾರೂ ಮಾಡದೆ ಬಿಟ್ಟಿದ್ದಕ್ಕೆ ತೆರುವ ದಂಡ ಅದು. ಆ ತೀರ್ಮಾನವನ್ನು ವ್ಯಾಜ್ಯವಿಲ್ಲದ ದಿನಗಳಲ್ಲೇ ಮಾಡಿಡುವುದು ಕಾನೂನು ಅಧಿಕಾರಿಯ ಮೊದಲ ಕೆಲಸವಾಗಬೇಕು.

ಖರ್ಚು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಒಂದು ಒಳ್ಳೆಯ ಲೆಕ್ಕವಿದೆ. ರ‍್ಯಾಂಡ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಅಧ್ಯಯನ ದೊಡ್ಡ ಕಂಪನಿಗಳ ಮೊಕದ್ದಮೆಗಳನ್ನು ತೆಗೆದುಕೊಂಡು, ವಿದ್ಯುನ್ಮಾನ ದಾಖಲೆ ಒದಗಿಸುವ ವೆಚ್ಚವನ್ನು ಬಿಡಿಸಿ ನೋಡಿತು. ದಾಖಲೆಗಳನ್ನು ಒಟ್ಟುಮಾಡಲು ಹೋಗಿದ್ದು ಸುಮಾರು ಶೇ 8, ಅವನ್ನು ಓದಬಲ್ಲ ರೂಪಕ್ಕೆ ತರಲು ಶೇ 19. ಉಳಿದ ಶೇ 73 ಹೋಗಿದ್ದು ಮನುಷ್ಯರು ಕುಳಿತು ಒಂದೊಂದನ್ನೂ ಓದಿ, ಇದು ಪ್ರಕರಣಕ್ಕೆ ಸಂಬಂಧಿಸಿದ್ದೇ, ತೋರಿಸಬಹುದೇ ಎಂದು ತೀರ್ಮಾನಿಸಲು. ಅಂದರೆ ಇಡುವುದು ಅಗ್ಗ, ಓದುವುದು ದುಬಾರಿ. ಹತ್ತು ವರ್ಷದ ಹಿಂದೆಯೇ ವಿಲೇವಾರಿಯಾಗಬೇಕಿದ್ದ ಕಡತಗಳು ಕಪಾಟಿನಲ್ಲಿ ಉಳಿದಿದ್ದರೆ, ಒಂದು ದಿನ ಗಂಟೆಯ ಲೆಕ್ಕದಲ್ಲಿ ಹಣ ಪಡೆಯುವವರೊಬ್ಬರು ಅವುಗಳನ್ನೂ ತಿರುವಿ ಹಾಕಲೇಬೇಕು.

ಅದು ಅಮೆರಿಕದ ಮಾತು, ನಮ್ಮ ನ್ಯಾಯಾಲಯಗಳಲ್ಲಿ ಅಂಥ ಡಿಸ್ಕವರಿ, ಎಂದರೆ ಎದುರಾಳಿಗೆ ದಾಖಲೆ ತೋರಿಸುವ ಕಟ್ಟುಪಾಡು, ಎಲ್ಲಿದೆ ಎಂದು ಅನುಭವಸ್ಥ ವಕೀಲರು ಕೇಳುತ್ತಾರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶ ಹಿಂದಿನಿಂದಲೂ ಇದ್ದರೂ ತಾಲ್ಲೂಕು ನ್ಯಾಯಾಲಯಗಳಲ್ಲಿ ಅದು ಹೆಚ್ಚಾಗಿ ಪುಸ್ತಕದಲ್ಲೇ ಉಳಿದಿದ್ದು ನಿಜ. ಆದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಆ ಆದೇಶವನ್ನೇ ಹೊಸದಾಗಿ ಬರೆಯಿತು. ವಾಣಿಜ್ಯ ದಾವೆಯಲ್ಲಿ ವಾದಿ ತನ್ನ ಸ್ವಾಧೀನದಲ್ಲಿ, ಅಧೀನದಲ್ಲಿ ಇರುವ ಸಂಬಂಧಪಟ್ಟ ಎಲ್ಲ ದಾಖಲೆಗಳನ್ನೂ, ತನಗೆ ಅನುಕೂಲವಿರಲಿ ಪ್ರತಿಕೂಲವಿರಲಿ, ವಾದಪತ್ರದ ಜೊತೆಗೇ ಪ್ರಮಾಣ ಮಾಡಿ ಸಲ್ಲಿಸಬೇಕು. ಪ್ರತಿವಾದಿಗೂ ಇದೇ ಹೊಣೆ. ಲಿಖಿತ ಹೇಳಿಕೆ ಸಲ್ಲಿಸಲು 30 ದಿನ, ಕಾರಣ ತೋರಿಸಿದರೆ ಹೆಚ್ಚೆಂದರೆ 120 ದಿನ. ಅದು ಮೀರಿದರೆ ಹೇಳಿಕೆ ಸಲ್ಲಿಸುವ ಹಕ್ಕೇ ಹೋಯಿತು. ಮೊದಲು 1 ಕೋಟಿ ರೂಪಾಯಿಗಿಂತ ಕಡಿಮೆಯ ವ್ಯಾಜ್ಯಗಳಿಗೆ ಈ ಕಾಯ್ದೆ ತಾಗುತ್ತಿರಲಿಲ್ಲ. 2018ರ ತಿದ್ದುಪಡಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿ, ಜಿಲ್ಲಾ ಮಟ್ಟಕ್ಕೂ ಇಂಥ ನ್ಯಾಯಾಲಯಗಳನ್ನು ತಂದಿತು. 3 ಲಕ್ಷವೆಂದರೆ ರಟ್ಟಿನ ಪೆಟ್ಟಿಗೆ ಸರಬರಾಜು ಮಾಡುವವನ ಎರಡು ತಿಂಗಳ ಬಾಕಿ ಬಿಲ್ಲು. ಅಂಥ ಬಿಲ್ಲಿನ ಜಗಳಕ್ಕೂ ಈಗ ನಾಲ್ಕು ತಿಂಗಳೊಳಗೆ ಖರೀದಿ ಆದೇಶ, ಗೇಟ್ ಪಾಸ್, ತಪಾಸಣಾ ವರದಿ, ಮಿಂಚಂಚೆ ಎಲ್ಲ ಹೊರಗೆ ಬರಬೇಕು. ಆಮೇಲೆ ಸಿಕ್ಕಿತು ಎಂದರೆ ನ್ಯಾಯಾಲಯದ ಅನುಮತಿ ಬೇಕು, ತಡವಾದದ್ದಕ್ಕೆ ಸಕಾರಣ ಬೇಕು.

ವಿದ್ಯುನ್ಮಾನ ದಾಖಲೆಯ ಪಾಡು ಇನ್ನೂ ಬಿಗಿ. ಅದನ್ನು ಸಾಕ್ಷ್ಯವಾಗಿ ಒಪ್ಪಲು ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆ ಪ್ರಮಾಣಪತ್ರವನ್ನು ಎರಡು ಭಾಗ ಮಾಡಿದೆ. ಒಂದಕ್ಕೆ ದಾಖಲೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಕಡತ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯ ಸಮೇತ. ಈಗ ಪಾಳಿಯ ಆ ಧ್ವನಿ ಸಂದೇಶವನ್ನು ಯೋಚಿಸಿ. ಅದು ಇದ್ದದ್ದು ಮೇಲ್ವಿಚಾರಕರ ಸ್ವಂತ ಮೊಬೈಲಿನಲ್ಲಿ. ಅವರು ಕೆಲಸ ಬಿಟ್ಟು ಹೊಸೂರಿಗೆ ಹೋಗಿ, ಮೊಬೈಲನ್ನೂ ಬದಲಿಸಿದ್ದರೆ ಪ್ರಮಾಣಪತ್ರಕ್ಕೆ ಯಾರು ಸಹಿ ಹಾಕಬೇಕು? ಕಂಪನಿಗೆ ಅನುಕೂಲವಾದ ಸಾಕ್ಷ್ಯವೇ ಹೀಗೆ ಕೈತಪ್ಪಬಹುದು. ಕೆಲಸದ ಮಾತು ಕಂಪನಿಯ ವ್ಯವಸ್ಥೆಯಲ್ಲೇ ನಡೆಯಬೇಕು ಎಂಬ ನಿಯಮಕ್ಕೆ ತಗಲುವ ಹಣ ಇದರ ಮುಂದೆ ಏನೂ ಅಲ್ಲ.

ನಂಜನಗೂಡಿಗೆ ತೀರಾ ಹತ್ತಿರದ ಪಾಠ ನೆಸ್ಲೆಯ ಮ್ಯಾಗಿಯದು. 2015ರ ಜೂನ್ 5ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆ ನೂಡಲ್ಸಿನ ಎಲ್ಲ ಬಗೆಗಳನ್ನೂ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲು ಆದೇಶಿಸಿತು. ಸೀಸದ ಅಂಶ ಹೆಚ್ಚಿದೆ, ಪೊಟ್ಟಣದ ಮೇಲಿನ ಬರಹ ತಪ್ಪುದಾರಿಗೆಳೆಯುತ್ತದೆ ಎಂಬುದು ಆರೋಪ. ಕಂಪನಿ 25,000 ಟನ್ನಿಗೂ ಹೆಚ್ಚು ಸರಕನ್ನು ವಾಪಸು ತರಿಸಿ ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಸುಡಿಸಿತು. ಅದೇ ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಪಡಿಸಿತು. ಕಂಪನಿಯ ಮಾತನ್ನು ಸರಿಯಾಗಿ ಕೇಳಲಿಲ್ಲ, ಪರೀಕ್ಷೆ ಮಾಡಿದ ಪ್ರಯೋಗಾಲಯಗಳಿಗೆ ತಕ್ಕ ಮಾನ್ಯತೆ ಇರಲಿಲ್ಲ ಎಂಬ ಕಾರಣಗಳ ಜೊತೆಗೆ, ಮೂರು ಮಾನ್ಯ ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆಗೆ ಸೂಚಿಸಿತು. ಆ ತೀರ್ಪಿನಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಚಾರಾಂಶವಿದೆ. ಕಂಪನಿ ಮಾಹಿತಿ ಮುಚ್ಚಿಡಲು, ಸಾಕ್ಷ್ಯ ನಾಶಮಾಡಲು ಯತ್ನಿಸಿತೇ ಎಂಬುದನ್ನೂ ನ್ಯಾಯಾಲಯ ಪ್ರತ್ಯೇಕ ಪ್ರಶ್ನೆಯಾಗಿ ಎತ್ತಿಕೊಂಡು, ಇಲ್ಲ ಎಂದು ಉತ್ತರಿಸಿತು. ಸರ್ಕಾರದ ಆದೇಶ ಪಾಲಿಸಲೆಂದು ಸುಟ್ಟ ಸರಕೂ ಸಾಕ್ಷ್ಯನಾಶದ ಆರೋಪಕ್ಕೆ ಗುರಿಯಾಗಬಹುದಾದರೆ, ಯಾರ ಅನುಮತಿಯಿಂದ, ಯಾವ ಬ್ಯಾಚು, ಎಷ್ಟು, ಎಂದು ಎಂಬ ವಿಲೇವಾರಿಯ ದಾಖಲೆಗೆ ಎಷ್ಟು ಬೆಲೆಯಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಅಕ್ಟೋಬರಿನಲ್ಲಿ ತಯಾರಿಕೆ ಮತ್ತೆ ಶುರುವಾದ ಮೂರು ಘಟಕಗಳಲ್ಲಿ ನಂಜನಗೂಡಿನದೂ ಒಂದು. ಉಳಿದವು ಪಂಜಾಬಿನ ಮೊಗಾ ಮತ್ತು ಗೋವಾದ ಬಿಚೋಲಿಮ್‌ನವು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಗ್ರಾಹಕರ ಪರವಾಗಿ ಕೇಂದ್ರ ಸರ್ಕಾರವೇ 640 ಕೋಟಿ ರೂಪಾಯಿಯಷ್ಟು ಪರಿಹಾರ ಕೇಳಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಗಿತ್ತು. ಆ ದೂರು ವಜಾ ಆದದ್ದು 2024ರ ಏಪ್ರಿಲ್‌ನಲ್ಲಿ. ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷ ಇಟ್ಟರೆ ಸಾಕು, ಜಿಎಸ್‌ಟಿ ಕಡತಗಳಿಗೆ 72 ತಿಂಗಳು. ವ್ಯಾಜ್ಯ ಮಾತ್ರ ಸುಮಾರು ಒಂಬತ್ತು ವರ್ಷ ನಡೆಯಿತು. ಕಾನೂನು ಹೇಳಿದ ಕನಿಷ್ಠ ಅವಧಿಯನ್ನೇ ಕುರುಡಾಗಿ ಪಾಲಿಸಿದರೂ ಆಪತ್ತು ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಎಲ್ಲವನ್ನೂ ಇಟ್ಟುಬಿಡೋಣ, ಹಾರ್ಡ್ ಡಿಸ್ಕಿಗೆ ಎಷ್ಟು ಮಹಾ ಬೆಲೆ ಎನ್ನುವುದು ಕಂಪ್ಯೂಟರ್ ವಿಭಾಗದವರ ಸಾಮಾನ್ಯ ಉತ್ತರ. ಓದುವ ಖರ್ಚಿನ ಮಾತು ಆಗಲೇ ಬಂತು. ಅದಲ್ಲದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದರೆ, ಜನರ ವಿವರಗಳನ್ನು ಅಳಿಸಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಕೆಲಸ ಕೇಳಿ ಬಂದು ಆಯ್ಕೆಯಾಗದ ಸಾವಿರಾರು ಜನರ ಆಧಾರ್ ಪ್ರತಿಯನ್ನು ಸುಮ್ಮನೆ ಇಟ್ಟುಕೊಳ್ಳುವುದು ಈ ಕಾಯ್ದೆಯ ಕೆಳಗೆ ತಪ್ಪೇ ಆಗುತ್ತದೆ. ಕಾನೂನು ಅಧಿಕಾರಿಗಳನ್ನೇ ನೇರವಾಗಿ ತಟ್ಟುವ ಇನ್ನೊಂದು ಸಂಗತಿಯಿದೆ. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್, ಸಂಬಳಕ್ಕೆ ಕೆಲಸ ಮಾಡುವ ಕಂಪನಿ ವಕೀಲರು ನ್ಯಾಯಾಲಯದಲ್ಲಿ ವೃತ್ತಿ ನಡೆಸುವ ವಕೀಲರಲ್ಲ, ಆದ್ದರಿಂದ ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತಿಗೆ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕೊಡುವ ಗೋಪ್ಯತೆ ಅವರಿಗೆ ಸಲ್ಲುವುದಿಲ್ಲ ಎಂದಿತು. ಮಾಲೀಕರಿಗೆ ತಾವೇ ಬರೆದ ಸಲಹೆಯ ಮಿಂಚಂಚೆಯನ್ನು ಎದುರಾಳಿಯ ಕಣ್ಣಿನಿಂದ ದೂರವಿಡಲು ಅವರು ಇನ್ನು ಆ ಕಲಮನ್ನು ನಂಬುವಂತಿಲ್ಲ. ಇಂಥ ಸ್ಥಿತಿಯಲ್ಲಿ ಎಲ್ಲವನ್ನೂ ಇಡುವುದು ಎಚ್ಚರಿಕೆಯಲ್ಲ, ಸೋಮಾರಿತನ.

ನಿಜವಾಗಿ ತೂಕವಿರುವ ಆಕ್ಷೇಪ ಬರುವುದು ಕಾರ್ಖಾನೆಯ ಹೊರಗಿನಿಂದ. ತಿ. ನರಸೀಪುರ ತಾಲ್ಲೂಕಿನ ಕಬ್ಬು ಬೆಳೆಗಾರರ ಜಾಗದಲ್ಲಿ ನಿಂತು ನೋಡಿದರೆ, ‘ಹಳೆಯ ದಾಖಲೆಗಳ ವಿಲೇವಾರಿ’ ಎಂಬ ಮಾತು ಅನುಮಾನ ಹುಟ್ಟಿಸುವಂಥದ್ದೇ. ಯಾವ ಸಕ್ಕರೆ ಕಾರ್ಖಾನೆಯಲ್ಲೇ ಆಗಲಿ, ತೂಕ ಕಾರ್ಖಾನೆಯ ವೇಬ್ರಿಡ್ಜಿನದು, ಇಳುವರಿಯ ಲೆಕ್ಕ ಕಾರ್ಖಾನೆಯ ಪ್ರಯೋಗಾಲಯದ್ದು, ಕಟಾವಿನ ಸರದಿ ಕಾರ್ಖಾನೆಯ ಕಚೇರಿಯದು. ರೈತನ ಕೈಯಲ್ಲಿರುವುದು ಒಂದು ತೂಕದ ಚೀಟಿ. 2024-25ರ ಹಂಗಾಮಿಗೆ ಶೇ 10.25 ಇಳುವರಿಗೆ ಕ್ವಿಂಟಲ್ಲಿಗೆ 340 ರೂಪಾಯಿ ಎಂದು ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ನಿಗದಿಯಾಗಿತ್ತು. ಮೇಲಿನ ಪ್ರತಿ ಶೇ 0.1ಕ್ಕೆ 3 ರೂಪಾಯಿ 32 ಪೈಸೆ ಹೆಚ್ಚು. ಪ್ರಯೋಗಾಲಯದ ಪುಸ್ತಕದಲ್ಲಿ ದಶಾಂಶ ಬಿಂದುವಿನ ಆಚೆಗಿನ ಒಂದು ಅಂಕಿ ಇಡೀ ಊರಿನ ಹಣವನ್ನು ಹೆಚ್ಚುಕಡಿಮೆ ಮಾಡಬಲ್ಲದು. 1966ರ ಕಬ್ಬು ನಿಯಂತ್ರಣ ಆದೇಶ, 14 ದಿನಗಳಲ್ಲಿ ಹಣ ಕೊಡದಿದ್ದರೆ ಶೇ 15 ಬಡ್ಡಿ ಎನ್ನುತ್ತದೆ. ಆದರೆ ಕಬ್ಬು ಮುಟ್ಟಿದ ದಿನ ಯಾವುದೆಂದು ಹೇಳುವ ಪುಸ್ತಕವೇ ಇಲ್ಲವಾದರೆ ಬಡ್ಡಿ ಎಲ್ಲಿಂದ ಎಣಿಸುವುದು? ಹಿಮ್ಮಾವಿನಂಥ ಊರುಗಳಲ್ಲಿ ಕೈಗಾರಿಕೆಗೆ ಜಮೀನು ಬಿಟ್ಟುಕೊಟ್ಟವರು ಕೆಲಸ ಕೇಳುವಾಗಲೂ ಪ್ರಶ್ನೆ ಇದೇ: ಯಾರು, ಯಾರಿಗೆ, ಏನೆಂದು ಮಾತು ಕೊಟ್ಟಿದ್ದರು, ಅದು ಯಾವ ಕಾಗದದಲ್ಲಿದೆ?

ಈ ಅನುಮಾನಕ್ಕೆ ಇತಿಹಾಸದ ಬಲವೂ ಇದೆ. ಎನ್ರಾನ್ ಹಗರಣದಲ್ಲಿ ಲೆಕ್ಕ ಪರಿಶೋಧಕ ಸಂಸ್ಥೆ ಆರ್ಥರ್ ಆಂಡರ್ಸನ್ ರಾಶಿರಾಶಿ ಕಾಗದವನ್ನು ಯಂತ್ರಕ್ಕೆ ಕೊಟ್ಟು ಚೂರುಮಾಡಿದ್ದು ತನ್ನದೇ ದಾಖಲೆ ನೀತಿಯ ಹೆಸರಿನಲ್ಲಿ. ನೀತಿ ಮೊದಲಿನಿಂದ ಇತ್ತು, ಅದರ ನೆನಪಾದದ್ದು ತನಿಖೆ ಹತ್ತಿರ ಬಂದಾಗ. 2002ರ ಶಿಕ್ಷೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ ತಳ್ಳಿಹಾಕಿತಾದರೂ, ಅಷ್ಟರಲ್ಲಿ ಸಂಸ್ಥೆ ಉಳಿದಿರಲಿಲ್ಲ. ಆದ್ದರಿಂದ ರೈತನ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದರಿಂದ ಎಲ್ಲವನ್ನೂ ಇಡಬೇಕು ಎಂಬ ತೀರ್ಮಾನ ಹೊರಡುವುದಿಲ್ಲ. ನಿಯಮ ವ್ಯಾಜ್ಯಕ್ಕೆ ಮೊದಲೇ ಬರಹದಲ್ಲಿರಬೇಕು, ಎದುರು ಪಕ್ಷಕ್ಕೂ ಗೊತ್ತಿರಬೇಕು, ವ್ಯಾಜ್ಯದ ಸುಳಿವು ಸಿಕ್ಕ ದಿನವೇ ವಿಲೇವಾರಿ ನಿಲ್ಲಬೇಕು ಎಂಬ ತೀರ್ಮಾನ ಹೊರಡುತ್ತದೆ. ನಮ್ಮ ಕಾನೂನಿನಲ್ಲಿ ಇದಕ್ಕೆ ಹಲ್ಲೂ ಇದೆ. ಮುಖ್ಯ ದಾಖಲೆಯನ್ನು ಕೈಯಲ್ಲಿಟ್ಟುಕೊಂಡು ಹಾಜರುಪಡಿಸದವರ ವಿರುದ್ಧ, ರುಜುವಾತಿನ ಹೊಣೆ ಅವರ ಮೇಲಿಲ್ಲದಿದ್ದರೂ, ಪ್ರತಿಕೂಲ ತೀರ್ಮಾನಕ್ಕೆ ಬರಬಹುದು ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಗೋಪಾಲ ಕೃಷ್ಣಾಜಿ ಕೇತ್ಕರ್ ಪ್ರಕರಣದಲ್ಲಿ ಹೇಳಿದೆ. ನಿಯಮದಂತೆ, ದಿನಾಂಕ ಸಹಿತ ವಿಲೇವಾರಿಯಾದ ಕಡತಕ್ಕೂ ‘ಸಿಗುತ್ತಿಲ್ಲ ಸ್ವಾಮಿ’ ಎನ್ನುವ ಕಡತಕ್ಕೂ ನ್ಯಾಯಾಧೀಶರ ಮುಂದೆ ಇರುವ ಅಂತರ ಇದೇ.

ಸಣ್ಣ ಘಟಕಗಳು ಇದನ್ನೆಲ್ಲ ಎಲ್ಲಿಂದ ಮಾಡಲಿ ಎಂಬ ಪ್ರಶ್ನೆಗೆ ಉತ್ತರ ತಾಲ್ಲೂಕು ಕಚೇರಿಯಲ್ಲೇ ಇದೆ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಕಡತ ಮುಗಿದಾಗ ಅದನ್ನು ಎ, ಬಿ, ಸಿ, ಡಿ, ಇ ಎಂದು ವರ್ಗ ಮಾಡುವ ಪದ್ಧತಿ ಹಳೆಯದು. ಎ ಶಾಶ್ವತ, ಇ ಎಂದರೆ ಒಂದೇ ವರ್ಷ. ಪಾಲನೆ ಹೇಗಿದೆ ಎಂಬುದು ಬೇರೆ ಮಾತು, ರೆಕಾರ್ಡ್ ರೂಮಿಗೆ ಹೋಗಿಬಂದವರಿಗೆ ಅದು ಗೊತ್ತು. ಆದರೂ ಯೋಚನೆ ಸರಿಯಾದದ್ದು, ಅದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ. ಯಾವುದು ಎ ವರ್ಗ ಎಂಬುದೂ ವಿವೇಚನೆಯ ವಿಷಯವೇ. ತಿ. ನರಸೀಪುರದಲ್ಲಿ ನೂಲು ತೆಗೆಯುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿ ಮೈಸೂರು ರೇಷ್ಮೆಯ ಭೌಗೋಳಿಕ ಸೂಚಕವಿದೆ. ಅಂಥ ಹಕ್ಕು ಕೇಳುವವರು ಮೂಲದ ಪುರಾವೆ ಕೊಡಬೇಕು. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಅದರ ಕಾರ್ಖಾನೆಯ ಹಳೆಯ ಕಾಗದವನ್ನು ರದ್ದಿಗೆ ಹಾಕಿದ್ದರೆ ಅದಕ್ಕೆ ಬದಲಿ ಸಿಗುತ್ತಿರಲಿಲ್ಲ.

ಒಂದು ತೊಡಕು ಮಾತ್ರ ಹಣಕ್ಕೆ ಬಗ್ಗುವಂಥದ್ದಲ್ಲ. ವ್ಯಾಜ್ಯದ ಸುಳಿವು ಸಿಕ್ಕಾಗ ‘ಯಾವುದನ್ನೂ ಅಳಿಸಬೇಡಿ, ಬಿಸಾಡಬೇಡಿ’ ಎಂಬ ಸೂಚನೆ ಪ್ರಧಾನ ಕಚೇರಿಯಿಂದ ಇಂಗ್ಲಿಷಿನಲ್ಲಿ, ಮಿಂಚಂಚೆಯಲ್ಲಿ ಹೊರಡುತ್ತದೆ. ಗೇಟಿನವರಿಗೆ, ವೇಬ್ರಿಡ್ಜಿನವರಿಗೆ, ಗುತ್ತಿಗೆ ಕಾರ್ಮಿಕರ ಹಾಜರಿ ಬರೆಯುವವರಿಗೆ ಮಿಂಚಂಚೆ ವಿಳಾಸವೇ ಇರುವುದಿಲ್ಲ. ಮೈಸೂರಿನ ಕಾರ್ಮಿಕ ನ್ಯಾಯಾಲಯದಲ್ಲಿ ಒಬ್ಬ ಕಾರ್ಮಿಕ ವರ್ಷಕ್ಕೆ 240 ದಿನ ಕೆಲಸ ಮಾಡಿದ್ದನೇ ಎಂಬ ವಿವಾದ ಬಂದಾಗ ನಿರ್ಣಾಯಕವಾಗುವುದು ಇವರ ಪುಸ್ತಕಗಳೇ. ಆದ್ದರಿಂದ ಸೂಚನೆ ಕನ್ನಡದಲ್ಲಿರಲಿ, ಕಾಗದದಲ್ಲಿರಲಿ, ಪ್ರತಿ ಪಾಳಿಯ ಹೊಣೆಗಾರರು ಓದಿ ಸಹಿ ಹಾಕಲಿ. ತೂಕದ ಪುಸ್ತಕವನ್ನು ಎಷ್ಟು ವರ್ಷ ಇಡುತ್ತೇವೆ ಎಂಬ ಸಾಲು ರೈತನಿಗೆ ಕೊಡುವ ಚೀಟಿಯ ಬೆನ್ನ ಮೇಲೇ ಅಚ್ಚಾಗಲಿ. ಹಣದ ಬಾಬ್ತಿನ ದಾವೆಗೆ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಕೊಡುವುದು ಮೂರು ವರ್ಷ. ಪುಸ್ತಕ ಅದಕ್ಕಿಂತ ಒಂದೆರಡು ವರ್ಷ ಹೆಚ್ಚೇ ಇರಲಿ, ಬಾಕಿಯ ತಕರಾರು ಎದ್ದ ಹಂಗಾಮಿನದಾದರೆ ಅದು ತೀರುವ ತನಕ ಇರಲಿ.