ಯುದ್ಧ ಹೂಡಿದವನನ್ನು ಕೇಳುವವರಾರು?

ನನ್ನ ತರಗತಿಯಲ್ಲಿ ಎರಡನೆಯ ಮಹಾಯುದ್ಧದ ಪಾಠ ಕೇಳಿದವರಿಗೆ ನ್ಯೂರೆಂಬರ್ಗ್ ಎಂಬ ಊರಿನ ಹೆಸರು ನೆನಪಿರಬಹುದು. 1946ರಲ್ಲಿ ಅಲ್ಲಿ ತೀರ್ಪಿತ್ತ ನ್ಯಾಯಾಧೀಶರು, ಪರದೇಶದ ಮೇಲೆ ದಂಡೆತ್ತಿ ಹೋಗುವುದೇ ಅಂತರರಾಷ್ಟ್ರೀಯ ಅಪರಾಧಗಳಲ್ಲೆಲ್ಲ ಘೋರವಾದುದು ಎಂದರು. ಯುದ್ಧದ ಮಿಕ್ಕೆಲ್ಲ ದುಷ್ಕೃತ್ಯಗಳು ಅದರ ಗರ್ಭದಲ್ಲಿಯೇ ಅಡಗಿರುತ್ತವೆ ಎಂಬುದು ಅವರ ವಾದ. ಇದು ಬರಿಯ ಮಾತಾಗಿರಲಿಲ್ಲ. ಹಿಟ್ಲರನ ಸಹಾಯಕ ರುಡಾಲ್ಫ್ ಹೆಸ್‌ನನ್ನು ಯುದ್ಧಾಪರಾಧ ಮತ್ತು ಮಾನವತೆಯ ವಿರುದ್ಧದ ಅಪರಾಧಗಳ ಆರೋಪಗಳಿಂದ ಬಿಡುಗಡೆ ಮಾಡಿದರೂ, ಆಕ್ರಮಣ ಯುದ್ಧದ ಸಂಚು ಹಾಗೂ ಸಿದ್ಧತೆಗಾಗಿ ಜೀವಾವಧಿ ಶಿಕ್ಷೆ ವಿಧಿಸಿದರು. ಅವನು 1987ರಲ್ಲಿ ಸೆರೆಮನೆಯಲ್ಲಿಯೇ ಸತ್ತ.

ಆ ಪೀಠದಲ್ಲಿ ಸೋವಿಯತ್ ನ್ಯಾಯಾಧೀಶರೂ ಇದ್ದರು. 1939ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಪೂರ್ವಭಾಗವನ್ನು ನುಂಗಿದ್ದವರು ಯಾರು? ಅದನ್ನು ಅಲ್ಲಿ ಯಾರೂ ವಿಚಾರಣೆಗೆ ಒಳಪಡಿಸಲಿಲ್ಲ. ಟೋಕಿಯೋ ವಿಚಾರಣೆಯಲ್ಲಿ ನಮ್ಮ ರಾಧಾಬಿನೋದ್ ಪಾಲ್ ಎಲ್ಲ ಆರೋಪಿಗಳೂ ನಿರ್ದೋಷಿಗಳೆಂದು ಭಿನ್ನ ತೀರ್ಪು ಬರೆದದ್ದಕ್ಕೆ ಗೆದ್ದವರ ನ್ಯಾಯದ ಈ ಪಕ್ಷಪಾತವೂ ಒಂದು ಕಾರಣ. ಪಾಲರ ಧೈರ್ಯಕ್ಕೆ ನನ್ನ ನಮಸ್ಕಾರ. ಆದರೆ ಅವರ ಹೆಸರು ಹಿಡಿದುಕೊಂಡು "ಇಂಥ ಕಾನೂನೇ ಬೂಟಾಟಿಕೆ" ಎನ್ನುವವರ ವಾದವನ್ನು ನಾನು ಒಪ್ಪಲಾರೆ. ಸೋತವನಿಗೆ ಮಾತ್ರ ಶಿಕ್ಷೆಯಾಯಿತೆಂಬುದು ಗೆದ್ದವನನ್ನೂ ಕಟಕಟೆಗೆ ತರಬೇಕೆನ್ನುವುದಕ್ಕೆ ಆಧಾರವೇ ಹೊರತು, ಇಬ್ಬರನ್ನೂ ಬಿಟ್ಟುಬಿಡಬೇಕೆನ್ನುವುದಕ್ಕಲ್ಲ.

ಹಾಗೆ ತರುವ ಅವಕಾಶವೂ ಒದಗಿತ್ತು. ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕಾಗಿ 2010ರಲ್ಲಿ ಕಂಪಾಲಾದಲ್ಲಿ ಆಕ್ರಮಣದ ಅಪರಾಧಕ್ಕೆ ವ್ಯಾಖ್ಯೆ ಬರೆದರು. 2018ರ ಜುಲೈ 17ರಂದು ಅದು ಜಾರಿಗೆ ಬಂತು. ಆದರೆ ಒಪ್ಪಂದಕ್ಕೆ ಸೇರದ ರಾಷ್ಟ್ರದ ಪ್ರಜೆಗಳ ಮೇಲೆ ಈ ಅಪರಾಧದ ಮೊಕದ್ದಮೆ ನಡೆಸಬೇಕಾದರೆ ಭದ್ರತಾ ಮಂಡಳಿಯೇ ಒಪ್ಪಿಸಬೇಕಂತೆ! ಅಲ್ಲಿ ವೀಟೋ ಹಿಡಿದು ಕುಳಿತವರು ಯಾರೆಂದು ನಿಮಗೆ ಗೊತ್ತೇ ಇದೆ. ಬೇಲಿಗೇ ಹೊಲ ಮೇಯುವ ಹಕ್ಕುಪತ್ರ ಬರೆದುಕೊಟ್ಟಂತಾಯಿತು. ನರಮೇಧಕ್ಕಾಗಲಿ ಯುದ್ಧಾಪರಾಧಕ್ಕಾಗಲಿ ಇಲ್ಲದ ಈ ರಿಯಾಯಿತಿ, ಅವೆಲ್ಲಕ್ಕೂ ಮೂಲವಾದ ಅಪರಾಧಕ್ಕೆ ಮಾತ್ರ ಏಕೆ? ಸೈನಿಕನನ್ನು ಹಿಡಿಯಬಹುದು, ಅವನನ್ನು ಗಡಿ ದಾಟಿಸಿದವನನ್ನು ಹಿಡಿಯುವಂತಿಲ್ಲ.

2003ರಲ್ಲಿ ಇರಾಕಿನ ಮೇಲೆ ಯುದ್ಧ ಹೂಡುವ ಮುನ್ನ ಬ್ರಿಟನ್ನಿನ ವಿದೇಶಾಂಗ ಕಚೇರಿಯ ಕಾನೂನು ಅಧಿಕಾರಿ ಎಲಿಜಬೆತ್ ವಿಲ್ಮ್‌ಸ್‌ಹರ್ಸ್ಟ್, ಇದು ಆಕ್ರಮಣದ ಅಪರಾಧಕ್ಕೆ ಸಮವೆಂದು ಬರೆದು ರಾಜೀನಾಮೆಯಿತ್ತರು. ಕೆಲಸ ಕಳೆದುಕೊಂಡದ್ದು ಆಕೆ! ಯುದ್ಧ ಸಾರಿದವರು ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಲಿಲ್ಲ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ನುಗ್ಗಿತು. ಹೇಗ್ ನ್ಯಾಯಾಲಯ 2023ರಲ್ಲಿ ಪುಟಿನ್ ವಿರುದ್ಧ ಬಂಧನದ ವಾರಂಟ್ ಹೊರಡಿಸಿತು. ಆದರೆ ಅದು ಮಕ್ಕಳನ್ನು ಅಕ್ರಮವಾಗಿ ಸಾಗಿಸಿದ ಆರೋಪಕ್ಕೆ, ಯುದ್ಧ ಹೂಡಿದ್ದಕ್ಕಲ್ಲ. ಅದಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿ ಸ್ಥಾಪಿಸಲು 2025ರ ಜೂನಿನಲ್ಲಿ ಉಕ್ರೇನ್ ಮತ್ತು ಕೌನ್ಸಿಲ್ ಆಫ್ ಯುರೋಪ್ ಒಪ್ಪಂದ ಮಾಡಿಕೊಂಡವು. ಅಲ್ಲಿಯೂ, ರಾಷ್ಟ್ರಾಧ್ಯಕ್ಷ ಪದವಿಯಲ್ಲಿರುವವರೆಗೆ ಅವನ ವಿಚಾರಣೆ ಮುಂದುವರಿಯುವಂತಿಲ್ಲ. ಇರಾಕಿಗೆ ಇಲ್ಲದ ಮಂಡಳಿ ಉಕ್ರೇನಿಗೆ ಮಾತ್ರವೇಕೆ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ಪಾಲರೇ ಕೇಳುತ್ತಿದ್ದರು.

ಇನ್ನು ನಮ್ಮ ದೇಶದ ಮಾತು. 1998ರಲ್ಲಿ ರೋಮ್ ಒಪ್ಪಂದ ಮತಕ್ಕೆ ಬಂದಾಗ ಭಾರತ ತಟಸ್ಥವಾಗಿ ಉಳಿಯಿತು, ಇಂದಿಗೂ ಸೇರಿಲ್ಲ. ಭದ್ರತಾ ಮಂಡಳಿಗೆ ಅಷ್ಟು ಅಧಿಕಾರ ಕೊಡಬಾರದೆಂಬ ನಮ್ಮ ಆಕ್ಷೇಪ ನ್ಯಾಯವಾದುದೇ. ಆದರೆ ಹೊರಗೆ ನಿಂತು ಆಕ್ಷೇಪಿಸಿದ್ದರಿಂದ ಮಂಡಳಿಯ ಅಧಿಕಾರವೇನೂ ಕುಗ್ಗಲಿಲ್ಲ. ಸೇರದ ರಾಷ್ಟ್ರದ ನೆಲದ ಮೇಲಿನ ಆಕ್ರಮಣವೂ ಅದೇ ನಿಯಮದಿಂದ ನ್ಯಾಯಾಲಯದ ಕೈಮೀರಿದೆ. ನಾಳೆ ನಮ್ಮ ಗಡಿಯೊಳಗೆ ಯಾರಾದರೂ ಸೇನೆ ನುಗ್ಗಿಸಿದರೆ, ಅವರ ನಾಯಕನನ್ನು ಕಟಕಟೆಗೆ ತರಲು ನಾವೂ ಆ ವೀಟೋದವರ ಬಾಗಿಲಿಗೇ ಹೋಗಿ ಕೈಕಟ್ಟಿ ನಿಲ್ಲಬೇಕು.